ಹಿಡಿದ ಪುಸ್ತಕ ಮುಗಿಯುವುದಿಲ್ಲವೇಕೆ?

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಒಂದೇ ಅಳಲು: ಆಸೆಪಟ್ಟು ಕೊಂಡ ಪುಸ್ತಕ ನಡುವೆಯೇ ನಿಂತಿದೆ. ಓದುವವರ ಸೋಮಾರಿತನ ಎಂದು ಬೈದುಬಿಡುವುದು ಸುಲಭ. ಆದರೆ ಹಲಸಿನ ಹಣ್ಣನ್ನು ಬಾಳೆಹಣ್ಣಿನ ಹಾಗೆ ಸುಲಿಯಲು ಹೋದರೆ ಕೈಗೆ ಅಂಟು ಹತ್ತೀತೇ ಹೊರತು ತೊಳೆ ಸಿಗುವುದಿಲ್ಲ. ಯಾವ ಪುಸ್ತಕಕ್ಕೆ ಎಲ್ಲಿ ಕೈ ಹಾಕಬೇಕು ಎಂಬುದರ ಸುತ್ತಲೇ ಇಲ್ಲಿನ ಉತ್ತರಗಳಿವೆ.

ಪ್ರಶ್ನೆ: ‘ಮಲೆಗಳಲ್ಲಿ ಮದುಮಗಳು’ ಮೂರು ಸಲ ಶುರು ಮಾಡಿ ಮೂರು ಸಲವೂ ಎಂಬತ್ತನೇ ಪುಟದ ಆಸುಪಾಸಿನಲ್ಲಿ ಬಿಟ್ಟಿದ್ದೇನೆ. ಹೆಸರುಗಳೇ ತಲೆಯಲ್ಲಿ ನಿಲ್ಲುವುದಿಲ್ಲ. ತಪ್ಪು ನನ್ನದೋ, ಪುಸ್ತಕದ್ದೋ?
— ದಾವಣಗೆರೆಯ ಓದುಗರು

ಉತ್ತರ: ಪುಸ್ತಕದ್ದಂತೂ ಅಲ್ಲ. ನೀವು ನಾಯಕನನ್ನು ಹುಡುಕುತ್ತಿದ್ದೀರಿ. ಇಲ್ಲಿ ಮುಖ್ಯರೂ ಇಲ್ಲ, ಅಮುಖ್ಯರೂ ಇಲ್ಲ ಎಂದು ಕುವೆಂಪು ಓದುಗರಿಗೆ ಮೊದಲೇ ಹೇಳಿಬಿಟ್ಟಿದ್ದಾರೆ. ಅದನ್ನು ವೇದಾಂತ ಎಂದುಕೊಂಡು ಪುಟ ತಿರುಗಿಸುವವರೇ ಹೆಚ್ಚು. ಅದು ಔಷಧಿ ಬಾಟಲಿಯ ಮೇಲಿನ ಚೀಟಿಯಂಥದ್ದು, ಬಳಸುವ ಕ್ರಮ ಹೇಳುತ್ತದೆ.

ಹಾಗಾಗಿ ಹೆಸರುಗಳನ್ನು ಬಿಡಿ, ಮನೆಗಳನ್ನು ಹಿಡಿಯಿರಿ. ಪುಸ್ತಕದ ಕೊನೆಯ ಖಾಲಿ ಪುಟದಲ್ಲಿ ಪೆನ್ಸಿಲ್ಲಿನಿಂದ ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ನಾಲ್ಕು ಕಡೆ ಬರೆದುಕೊಳ್ಳಿ. ಯಾರು ಬಂದರೂ ಅವರ ಮನೆಯ ಕೆಳಗೆ ಒಂದು ಪದ ಗೀಚಿ. ಸಿಂಬಾವಿಯ ಗುತ್ತಿ, ಬೆಟ್ಟಳ್ಳಿಯ ತಿಮ್ಮಿ, ಕೋಣೂರಿನ ಮುಕುಂದಯ್ಯ, ಹೂವಳ್ಳಿಯ ಚಿನ್ನಮ್ಮ, ಐತ, ಪೀಂಚಲು. ಈ ಮೂರು ಜೋಡಿ ಗಟ್ಟಿಯಾದರೆ ಉಳಿದವರೆಲ್ಲ ಅವರ ದಾರಿಯಲ್ಲಿ ಎದುರಾಗುವವರು. ಗುತ್ತಿಯ ಜೊತೆಗಿರುವ ನಾಯಿ ಹುಲಿಯನನ್ನೂ ಪಟ್ಟಿಗೆ ಸೇರಿಸಿ, ಅದು ಅಲಂಕಾರಕ್ಕೆ ಬಂದ ನಾಯಿಯಲ್ಲ.

ಎರಡನೆಯ ತೊಡಕು ಮಾತಿನದು. ಹಳು ಎಂದರೆ ಒತ್ತಾದ ಪೊದೆಗಾಡು, ಕೊಪ್ಪೆ ಎಂದರೆ ಮಳೆಗೆ ತಲೆಯಿಂದ ಇಳಿಬಿಡುವ ಹಾಗೆ ಮಡಿಸಿದ ಕಂಬಳಿ, ಬಗನಿ ಎಂದರೆ ಆ ಮರವೂ ಹೌದು, ಅದರ ಕಳ್ಳೂ ಹೌದು. ಇಂಥ ಇಪ್ಪತ್ತು ಮಾತು ಗೊತ್ತಾದರೆ ಸಾಕು, ಮಿಕ್ಕದ್ದು ಸಂದರ್ಭದಲ್ಲೇ ಬಿಡಿಸಿಕೊಳ್ಳುತ್ತದೆ. ಪ್ರತಿ ಪದಕ್ಕೂ ನಿಘಂಟು ತೆಗೆದರೆ ಕಾಡೇ ಕಾಣುವುದಿಲ್ಲ.

ಮೂರನೆಯದು ಲೆಕ್ಕ. ಡೆಮಿ ಆಕಾರದ ಕನ್ನಡ ಪುಟಕ್ಕೆ ಸಾಧಾರಣ ಓದುಗರಿಗೆ ಒಂದೂವರೆ ನಿಮಿಷ ಬೇಕು. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ 20 ಪುಟ; ಸುಮಾರು 700 ಪುಟದ ಈ ಕಾದಂಬರಿಗೆ 35 ದಿನ. ರಜೆಯ ಎರಡು ದಿನದಲ್ಲಿ ಮುಗಿಸುತ್ತೇನೆ ಎಂದು ಹೊರಟವರೇ ಎಂಬತ್ತನೇ ಪುಟದಲ್ಲಿ ಕೂರುವುದು. ನಾಲ್ಕು ದಿನ ತಪ್ಪಿದರೆ ಮುಂದಕ್ಕೆ ಹೋಗಬೇಡಿ, ಹಿಂದಿನ ಅಧ್ಯಾಯವನ್ನು ಮತ್ತೊಮ್ಮೆ ಓದಿ ದಾಟಿ.

ಇಷ್ಟಾದರೂ ಆಗದಿದ್ದರೆ ‘ಕಾನೂರು ಹೆಗ್ಗಡತಿ’ಗೆ ಹೋಗಿ. 1936ರದು. ಅದರಲ್ಲಿ ಹೂವಯ್ಯನೆಂಬ ಕೇಂದ್ರವಿದೆ, ಕತೆ ಒಂದು ಮನೆಯ ಸುತ್ತ ಬೆಳೆಯುತ್ತದೆ. ಮದುಮಗಳು ಬಂದದ್ದು 31 ವರ್ಷ ಕಳೆದು, 1967ರಲ್ಲಿ. ಅದೇ ಕಾಡು, ಆದರೆ ಕಾಲುದಾರಿ ಅಳಿಸಿಹಾಕಿದ್ದಾರೆ.

ಪ್ರಶ್ನೆ: ತ.ರಾ.ಸು. ಅವರ ದುರ್ಗದ ಕಾದಂಬರಿಗಳನ್ನು ಯಾವ ಕ್ರಮದಲ್ಲಿ ಓದಬೇಕು?
— ಹಿರಿಯೂರಿನ ಓದುಗರು

ಉತ್ತರ: ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’. ಈ ಮೂರನ್ನು ಇದೇ ಸಾಲಿನಲ್ಲಿ, ನಡುವೆ ಬೇರೆ ಪುಸ್ತಕ ತೂರಿಸದೆ ಓದಬೇಕು. ‘ದುರ್ಗಾಸ್ತಮಾನ’ ಕೊನೆಗಿರಲಿ. ಅದು 1779ರಲ್ಲಿ ಹೈದರಾಲಿಯ ಕೈಗೆ ಚಿತ್ರದುರ್ಗದ ಕೋಟೆ ಹೋದ ಕತೆ. ಮೊದಲೇ ಓದಿದರೆ ಕೋಟೆ ಕಟ್ಟುವ ಮುನ್ನವೇ ಉರುಳಿಸಿದಂತೆ. ಗ್ರಂಥಾಲಯದಲ್ಲಿ ‘ರಕ್ತರಾತ್ರಿ’ ಒಂದೇ ಸಿಕ್ಕಿದರೆ ಆಸೆಬಿದ್ದು ತರಬೇಡಿ. ನಡುವಿನ ಸಂಪುಟದಿಂದ ಶುರು ಮಾಡಿದವರಿಗೆ ಯಾರು ಯಾರನ್ನು ಏಕೆ ಕೊಲ್ಲುತ್ತಿದ್ದಾರೆಂದೇ ತಿಳಿಯುವುದಿಲ್ಲ.

ಪ್ರಶ್ನೆ: ಕುಮಾರವ್ಯಾಸನನ್ನು ಗುರುಗಳಿಲ್ಲದೆ ಓದಲು ಸಾಧ್ಯವೆ? ನಾನು ವಾಣಿಜ್ಯ ಓದಿದವಳು. ಛಂದಸ್ಸು ಹೈಸ್ಕೂಲಿಗೇ ಮುಗಿಯಿತು.
— ಗದಗದ ಓದುಗರು

ಉತ್ತರ: ಅವನ ಊರಿನಲ್ಲೇ ಇದ್ದು ಈ ಸಂಕೋಚವೆ! ಸಾಧ್ಯ. ಲೆಕ್ಕ ಗೊತ್ತಿರುವವರಿಗೆ ಇನ್ನೂ ಸುಲಭ. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು–ನಾಲ್ಕು, ಮೂರು–ನಾಲ್ಕು, ಒಟ್ಟು 14 ಮಾತ್ರೆ (ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು). ಮೂರು ಮತ್ತು ಆರನೆಯವು ಉದ್ದ: ಮೂರು–ನಾಲ್ಕು ಮೂರು ಸಲ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಕೈಯಲ್ಲಿ ತಾಳ ಹಾಕಿಕೊಂಡು ಮೊದಲ ಪದ್ಯವನ್ನೇ ಒಡೆಯಿರಿ: ಶ್ರೀವ | ನಿತೆಯರ | ಸನೆವಿ | ಮಲರಾ. ಮುಂದಿನ ಸಾಲು: ಜೀವ | ಪೀಠನ | ಪಿತನೆ | ಜಗಕತಿ.

ಎಡವುವುದೆಲ್ಲಿ ಎಂದು ಇಲ್ಲೇ ಕಾಣುತ್ತದೆ. ‘ರಾಜೀವ’ ಎಂಬ ಒಂದೇ ಪದ ಎರಡು ಸಾಲಿಗೆ ಹರಿದು ಹಂಚಿಹೋಗಿದೆ. ಕಣ್ಣು ಸಾಲಿನ ತುದಿಗೆ ನಿಲ್ಲುತ್ತದೆ, ಪದ ನಿಲ್ಲುವುದಿಲ್ಲ. ಅರ್ಥವಾಗದೆ ಪುಸ್ತಕ ಮುಚ್ಚುವವರಲ್ಲಿ ಬಹಳ ಮಂದಿ ಸೋತಿರುವುದು ಹಳೆಯ ಪದಗಳಿಗಲ್ಲ, ಈ ಸಾಲು ಮುರಿತಕ್ಕೆ. ಆದ್ದರಿಂದ ಪ್ರತಿ ಪದ್ಯವನ್ನು ಎರಡು ಸಲ ಓದಿ. ಮೊದಲು ತಾಳಕ್ಕೆ ಗಟ್ಟಿಯಾಗಿ, ಅರ್ಥದ ಗೊಡವೆಯಿಲ್ಲದೆ. ಎರಡನೆಯ ಸಲ ಆರೂ ಸಾಲನ್ನು ಗದ್ಯದಂತೆ ಒಂದೇ ಓಟದಲ್ಲಿ, ಪದ ಮುಗಿದಲ್ಲಿ ಉಸಿರು ಬಿಡುತ್ತ. ತಾಳವಿಲ್ಲದೆ ಬರೀ ಕಣ್ಣಿನಲ್ಲಿ ಓದಿದರೆ ಕುಮಾರವ್ಯಾಸ ಒಣಗಿದ ರೊಟ್ಟಿ.

ಆದಿಪರ್ವದಿಂದ ಶುರು ಮಾಡಬೇಡಿ. ಹತ್ತು ಪರ್ವಗಳಲ್ಲಿ ವಿರಾಟಪರ್ವ ಮೊದಲ ಓದಿಗೆ ಹೇಳಿ ಮಾಡಿಸಿದ್ದು. ಉತ್ತರಕುಮಾರ ಅಂತಃಪುರದಲ್ಲಿ ಕೊಚ್ಚಿಕೊಂಡು ರಣರಂಗದಲ್ಲಿ ನಡುಗುವ ಭಾಗಕ್ಕೆ ಯಾವ ಟಿಪ್ಪಣಿಯೂ ಬೇಡ. ಮಳೆ ಬಾರದಾಗ ಊರುಗಳಲ್ಲಿ ಓದಿಸುತ್ತಿದ್ದುದೂ ಇದೇ ಪರ್ವ. ಆಮೇಲೆ ಉದ್ಯೋಗಪರ್ವ, ಕೃಷ್ಣ ಕರ್ಣನಿಗೆ ಹುಟ್ಟಿನ ಗುಟ್ಟು ಹೇಳುವ ಜಾಗ. ದಿನಕ್ಕೆ ಹತ್ತು ಪದ್ಯ ಸಾಕು. ವಾರಕ್ಕೊಮ್ಮೆ, ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳ ಧ್ವನಿಮುದ್ರಣ ಕೇಳಿ. ಪದ ಒಡೆಯುವ ಕಲೆ ಕಿವಿಯ ಮೂಲಕವೇ ಬೇಗ ಬರುತ್ತದೆ.

ಪ್ರಶ್ನೆ: ‘ಕುಸುಮಬಾಲೆ’ ಸಣ್ಣ ಪುಸ್ತಕ ಎಂದು ತಂದೆ. ಒಂದು ಪುಟಕ್ಕೆ ಅರ್ಧ ಗಂಟೆ ಹಿಡಿಯುತ್ತಿದೆ.
— ಬೆಳಗಾವಿಯ ಓದುಗರು

ಉತ್ತರ: ತೂಕ ನೋಡಿ ಪುಸ್ತಕ ಕೊಂಡರೆ ಹೀಗೆಯೇ. ದೇವನೂರ ಮಹಾದೇವ ಇದನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದರು, ನಿರೂಪಣೆಯೂ ಅದರಲ್ಲೇ. ಧಾರವಾಡದ ಕಡೆಯ ಕಿವಿಗೆ ಮೊದಲು ಕಷ್ಟ. ಆ ಮಾತಿಗೊಂದು ಕಟ್ಟುನಿಟ್ಟಿನ ವ್ಯಾಕರಣವಿದೆ. ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ: ಹಟ್ಟಿ ಅಟ್ಟಿಯಾಗುತ್ತದೆ, ಹೆಣ್ಣು ಎಣ್ಣಾಗುತ್ತದೆ. ಮಹಾಪ್ರಾಣ ಇಳಿಯುತ್ತದೆ. ಬಿಡು ಬುಡು ಆಗುತ್ತದೆ. ನಿಘಂಟಿನಲ್ಲಿ ‘ಅಟ್ಟಿ’ ಹುಡುಕಿ ಸಿಗಲಿಲ್ಲ ಎನ್ನುವವರು ಮೊದಲು ಹಕಾರವನ್ನು ವಾಪಸ್ಸು ಹಾಕಿ ಹುಡುಕಬೇಕು. ವಿ. ಕೃಷ್ಣ ಅವರ ‘ಅಲರ್’ ಅಂತರ್ಜಾಲ ನಿಘಂಟಿನಲ್ಲಿ ಒಂದೂವರೆ ಲಕ್ಷದಷ್ಟು ಪದಗಳಿವೆ. ಕಾಗುಣಿತ ಸರಿಪಡಿಸಿ ಕೊಟ್ಟರೆ ಬೇಕಾದ್ದು ಬಹುಮಟ್ಟಿಗೆ ಸಿಗುತ್ತದೆ.

ಮೊದಲ ಹತ್ತು ಪುಟ ಗಟ್ಟಿಯಾಗಿಯೇ ಓದಿ. ಬಾಗಿಲು ಹಾಕಿಕೊಂಡಾದರೂ ಸರಿ. ದೀಪಗಳು, ಅಂದರೆ ಜೋತಮ್ಮಗಳು, ಕೂಡಿ ಮಾತಾಡುವ ಭಾಗ ಬಂದಾಗ ಇದೇನು ಸಂಕೇತ ಎಂದು ತಲೆ ಕೆಡಿಸಿಕೊಳ್ಳಬೇಡಿ. ಹಳ್ಳಿಯಲ್ಲಿ ದೀಪಕ್ಕೆ ಜೀವವಿದೆ, ಅಷ್ಟೇ. ನಂಬಿ ಮುಂದೆ ಹೋಗಿ. ಮೈಸೂರಿನವರೂ ಬೀಗಬೇಕಿಲ್ಲ. ಉತ್ತರ ಕರ್ನಾಟಕದ ಮಾತಿನ, ರಾವಬಹದ್ದೂರರ ‘ಗ್ರಾಮಾಯಣ’ ಕೈಗೆ ಕೊಟ್ಟರೆ ಇದೇ ಪತ್ರ ಅವರಿಂದ ಬರುತ್ತದೆ.

ಪ್ರಶ್ನೆ: ಬೂಕರ್ ಬಂದಮೇಲೆ ಬಾನು ಮುಷ್ತಾಕ್ ಅವರನ್ನು ಓದಬೇಕೆನಿಸಿದೆ. ‘ಹಾರ್ಟ್ ಲ್ಯಾಂಪ್’ ಕನ್ನಡದಲ್ಲಿ ಸಿಗುತ್ತದೆಯೆ?
— ಹಾಸನದ ಓದುಗರು

ಉತ್ತರ: ಪ್ರಶ್ನೆ ತಿರುಗುಮುರುಗಾಗಿದೆ. ಕತೆಗಳು ಕನ್ನಡದವು, ‘ಹಾರ್ಟ್ ಲ್ಯಾಂಪ್’ ಅವುಗಳ ಅನುವಾದ. 1990ರಿಂದ 2023ರವರೆಗೆ ಬರೆದವುಗಳಲ್ಲಿ 12 ಕತೆ ಆಯ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. 2025ರ ಅಂತರರಾಷ್ಟ್ರೀಯ ಬೂಕರ್ ಅದಕ್ಕೆ ಬಂತು. ಆ ಬಹುಮಾನ ಒಂದು ಕಥಾಸಂಕಲನಕ್ಕೆ ಸಿಕ್ಕಿದ್ದೂ ಅದೇ ಮೊದಲು. ಕತೆಗಳು ಬೇರೆ ಬೇರೆ ಕಾಲದವಾದ್ದರಿಂದ ಅಂಗಡಿಯಲ್ಲಿ ಇಂಗ್ಲಿಷ್ ಹೆಸರು ಹೇಳಬೇಡಿ, ಲೇಖಕಿಯ ಹೆಸರು ಹೇಳಿ. ಶೀರ್ಷಿಕೆಯ ಕತೆ ಕನ್ನಡದಲ್ಲಿ ‘ಎದೆಯ ಹಣತೆ’. ‘ಕರಿನಾಗರಗಳು’ ಮೊದಲು ಓದಿ. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಚಿತ್ರಕ್ಕೆ ಆಧಾರವಾದದ್ದು ಅದೇ. ಹಾಸನದಲ್ಲಿದ್ದುಕೊಂಡು ಹಾಸನದ ಲೇಖಕಿಯನ್ನು ಇಂಗ್ಲಿಷಿನಲ್ಲಿ ಓದುವುದು ಮಾತ್ರ ಬೇಡ.

ಪ್ರಶ್ನೆ: ಅನುವಾದಿತ ಪುಸ್ತಕ ಕೊಳ್ಳುವಾಗ ಅಂಗಡಿಯಲ್ಲೇ ಒಳ್ಳೆಯದು ಕೆಟ್ಟದ್ದು ಗುರುತಿಸುವುದು ಹೇಗೆ? ಎರಡು ಸಲ ಮೋಸ ಹೋದೆ.
— ತುಮಕೂರಿನ ಓದುಗರು

ಉತ್ತರ: ಐದು ನಿಮಿಷದ ಕೆಲಸ. ಮುಖಪುಟ, ಬೆನ್ನುಡಿ ಎರಡನ್ನೂ ನೋಡಬೇಡಿ, ಅಲ್ಲಿ ಎಲ್ಲವೂ ಅದ್ಭುತವೇ. ಹಕ್ಕುಸ್ವಾಮ್ಯದ ಪುಟ ತೆಗೆಯಿರಿ: ಮೂಲ ಭಾಷೆ, ಮೂಲ ಶೀರ್ಷಿಕೆ, ಅನುವಾದಕರ ಹೆಸರು ಇದೆಯೆ? ರಷ್ಯನ್ ಕಾದಂಬರಿ ಇಂಗ್ಲಿಷಿನ ಮೂಲಕ ಬಂದಿದ್ದರೆ ಅದು ದೋಷವಲ್ಲ, ಆದರೆ ಹೇಳಿರಬೇಕು. ಅನುವಾದಕರ ಹೆಸರೇ ಇಲ್ಲದಿದ್ದರೆ ಅಲ್ಲಿಗೇ ಕೆಳಗಿಡಿ.

ಆಮೇಲೆ ನಡುವಿನ ಒಂದು ಪುಟ. ಮೊದಲ ಪುಟವನ್ನು ಎಲ್ಲರೂ ತಿದ್ದಿರುತ್ತಾರೆ. ‘ಬಾಗಿಲು ಅವಳಿಂದ ತೆರೆಯಲ್ಪಟ್ಟಿತು’ ಎಂದಿದ್ದರೆ ಅದು ಕನ್ನಡವಲ್ಲ. ಅವಳು ಬಾಗಿಲು ತೆರೆದಳು. ‘ಯಾರು ನಿನ್ನೆ ಬಂದಿದ್ದನೋ ಆ ಮನುಷ್ಯ’ ಎಂದಿದ್ದರೆ ನಿನ್ನೆ ಬಂದಿದ್ದವನು ಎನ್ನಲು ಬಾರದವರ ಕೈ ಅದು. ‘ಒಂದು ದೀರ್ಘ ಉಸಿರನ್ನು ತೆಗೆದುಕೊಂಡನು’ ಎಂಬಲ್ಲಿನ ‘ಒಂದು’ ಎಣಿಸಿ. ಒಂದು ಪುಟದಲ್ಲಿ ಹತ್ತಕ್ಕಿಂತ ಹೆಚ್ಚು ‘ಒಂದು’ ಸಿಕ್ಕಿದರೆ ಇಂಗ್ಲಿಷ್ ವಾಕ್ಯ ಕೆಳಗೆ ಇನ್ನೂ ಉಸಿರಾಡುತ್ತಿದೆ. ಕೊನೆಯ ಪರೀಕ್ಷೆ ಸಂಭಾಷಣೆಯದು. ಎಪ್ಪತ್ತರ ಅಜ್ಜಿಯೂ ಹತ್ತರ ಹುಡುಗನೂ ವಾರ್ತೆ ಓದುವವರಂತೆ ಮಾತಾಡುತ್ತಿದ್ದರೆ ಹಣ ಉಳಿಸಿಕೊಳ್ಳಿ.

ಜಗತ್ತಿನ ಕತೆಗಳ ರುಚಿ ನೋಡಲು ನಿರಂಜನರ ಸಂಪಾದಕತ್ವದ ‘ವಿಶ್ವಕಥಾಕೋಶ’ದ 25 ಸಂಪುಟಗಳಿವೆ. ಅನುವಾದಕರು ಬೇರೆ ಬೇರೆ, ಹಾಗಾಗಿ ಹದವೂ ಬೇರೆ ಬೇರೆ. ಇಡೀ ಕಟ್ಟು ಕೊಳ್ಳುವ ಮುಂಚೆ ಎರಡು ಸಂಪುಟಗಳಿಗೆ ಮೇಲಿನ ಪರೀಕ್ಷೆ ಮಾಡಿ.

ಪ್ರಶ್ನೆ: ಮೈಸೂರು–ಬೆಂಗಳೂರು ರೈಲಿನಲ್ಲಿ ಓದಲು ಏನಾದರೂ? ಥ್ರಿಲ್ಲರ್ ಇಷ್ಟ. ಉಪದೇಶ ಬೇಡ.
— ಮಂಡ್ಯದ ಓದುಗರು

ಉತ್ತರ: ಕೊಲೆ ಬೇಕೇ ಬೇಕು ಎಂದೇನೂ ಇಲ್ಲದಿದ್ದರೆ ಯಶವಂತ ಚಿತ್ತಾಲರ ‘ಶಿಕಾರಿ’. ಮುಂಬಯಿಯ ಕಂಪನಿಯೊಂದರಲ್ಲಿ ನಾಗಪ್ಪನನ್ನು ಕಾರಣ ಹೇಳದೆ ಅಮಾನತಿನಲ್ಲಿಡುತ್ತಾರೆ, ಅಲ್ಲಿಂದ ಬೇಟೆ. 1979ರದಾದರೂ ಇಂದಿನ ಕಚೇರಿಗಳಿಗೆ ತಾಳೆಯಾಗುತ್ತದೆ. ಆದರೆ ಇದಕ್ಕೆ ಒಂದು ಪ್ರಯಾಣ ಸಾಲದು, ವಾರ ಬೇಕು. ಒಂದೇ ಓಟಕ್ಕೆ ಮುಗಿಯುವುದು ಬೇಕಾದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಕೆಂಗೇರಿ ಬರುವ ಹೊತ್ತಿಗೆ ಕೊನೆಯ ಪುಟ, ಮತ್ತೆ ಸಂಜೆಯವರೆಗೆ ಹೊಟ್ಟೆಯಲ್ಲಿ ತಳಮಳ. ನಗುತ್ತ ಹೋಗಬೇಕೆಂದರೆ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯ ಬೆನ್ನು ಹತ್ತಿದವರ ಕತೆ. ಪಕ್ಕದವರು ತಿರುಗಿ ನೋಡುವಷ್ಟು ನಗು ಬರುತ್ತದೆ, ಎಚ್ಚರ.

ಪ್ರಶ್ನೆ: ‘ಪರ್ವ’ ಓದುವ ಮುಂಚೆ ಮೂಲ ಮಹಾಭಾರತ ಓದಿರಬೇಕೆ?
— ಶಿವಮೊಗ್ಗದ ಓದುಗರು

ಉತ್ತರ: ಮೂಲ ಬೇಡ, ಕತೆ ಗೊತ್ತಿರಬೇಕು. ಭೈರಪ್ಪನವರು ವರ, ಶಾಪ, ಪವಾಡಗಳನ್ನು ತೆಗೆದುಹಾಕಿ ಉಳಿದದ್ದನ್ನು ಮನುಷ್ಯರ ಕತೆಯಾಗಿ ಹೇಳುತ್ತಾರೆ. ಏನನ್ನು ತೆಗೆದಿದ್ದಾರೆ ಎಂದು ತಿಳಿಯದಿದ್ದರೆ ಕೆಲಸದ ಅರ್ಧ ಬೆಲೆ ಕಾಣುವುದಿಲ್ಲ. ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ಒಂದು ಸಲ ಓದಿ ಶುರು ಮಾಡಿ. ಕಾದಂಬರಿ ತೆರೆಯುವುದು ಹಸ್ತಿನಾವತಿಯಲ್ಲಲ್ಲ, ಮದ್ರದೇಶದ ಶಲ್ಯನ ಮನೆಯಲ್ಲಿ. ಶಲ್ಯ ಯಾರ ಮಾವ ಎಂದು ಹೊಳೆಯದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಯುದ್ಧದ ಭಾಗ ಊಟದ ಹೊತ್ತಿಗೆ ಬೇಡ. ಸೈನ್ಯದ ಅನ್ನ, ಹೊಲಸು, ಹೆಣಗಳ ವಾಸನೆ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಹತ್ತು ವರ್ಷದ ಮಗ ಕನ್ನಡ ಚೆನ್ನಾಗಿ ಮಾತಾಡುತ್ತಾನೆ, ಅಕ್ಷರ ಬರುತ್ತದೆ, ಪುಸ್ತಕ ಕೊಟ್ಟರೆ ಓಡುತ್ತಾನೆ.
— ನ್ಯೂಜೆರ್ಸಿಯ ಓದುಗರು

ಉತ್ತರ: ಓಡಿಸುತ್ತಿರುವುದು ಎರಡು. ಒಂದು ಒತ್ತಕ್ಷರ: ‘ಕ’ ಗೊತ್ತಿದ್ದವನಿಗೂ ‘ಸ್ಕೃ’ ಕಂಡರೆ ಗೋಡೆ. ಎರಡನೆಯದನ್ನು ದೊಡ್ಡವರು ಗಮನಿಸುವುದೇ ಇಲ್ಲ. ಮನೆಯಲ್ಲಿ ಅವನು ಕೇಳುವುದು ‘ಬರ್ತೀನಿ’, ಪುಸ್ತಕದಲ್ಲಿರುವುದು ‘ಬರುತ್ತೇನೆ’. ಅವನ ಪಾಲಿಗೆ ಅದು ಅರೆಪರಿಚಯದ ಇನ್ನೊಂದು ಭಾಷೆ.

ದಿನಕ್ಕೆ ಹತ್ತು ನಿಮಿಷ ನೀವೇ ಓದಿ, ಬೆರಳು ಸಾಲಿನ ಕೆಳಗೆ ಸರಿಯಲಿ. ಅವನ ಪಾಲಿಗೆ ಸಂಭಾಷಣೆ ಮಾತ್ರ. ಒಂದೇ ಪುಸ್ತಕ ನಾಲ್ಕೈದು ದಿನ ಓದಿ. ಮಕ್ಕಳಿಗೆ ಪುನರಾವರ್ತನೆ ಬೇಸರವಲ್ಲ, ಗೆಲುವು. ತಪ್ಪು ಓದಿದರೆ ತಕ್ಷಣ ತಿದ್ದಬೇಡಿ, ಸಾಲು ಮುಗಿದಮೇಲೆ ನೀವು ಸರಿಯಾಗಿ ಓದಿ ತೋರಿಸಿ ಸಾಕು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ನಾಲ್ಕು ಹಂತಗಳಲ್ಲಿವೆ. ಹತ್ತು ವರ್ಷದವನಿಗೆ ಒಂದನೇ ಹಂತ ಕೊಟ್ಟರೆ ಅವಮಾನವೆನಿಸಬಹುದು. ತಂಗಿಗೋ ಪಕ್ಕದ ಮನೆಯ ಮಗುವಿಗೋ ಓದಿ ಹೇಳು ಎಂದು ಕೊಡಿ, ಮಾನವೂ ಉಳಿಯುತ್ತದೆ, ಓದೂ ಆಗುತ್ತದೆ. ಓಟ ಬಂದಮೇಲೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’. ಹನ್ನೆರಡು ದಾಟಿದಾಗ ತೇಜಸ್ವಿಯವರ ‘ಪರಿಸರದ ಕತೆ’. ಅದರಲ್ಲಿ ನಾಯಿ ಇದೆ, ಕಾಡಿದೆ, ನೀತಿಪಾಠ ಇಲ್ಲ.

ಪ್ರಶ್ನೆ: ಪುಸ್ತಕವನ್ನು ಎಷ್ಟು ಪುಟ ಓದಿ ಬಿಡಬಹುದು?
— ಕಾರವಾರದ ಓದುಗರು

ಉತ್ತರ: ಪುಟದ ಲೆಕ್ಕ ಬೇಡ. ಅರ್ಥವಾಗದೆ ನಿಂತಿದ್ದರೆ ಬಿಡಬೇಡಿ, ಹಿಡಿಯುವ ಜಾಗ ಬದಲಿಸಿ. ಎಲ್ಲ ಅರ್ಥವಾಗುತ್ತಿದ್ದೂ ಆಕಳಿಕೆ ಬರುತ್ತಿದ್ದರೆ ಈಗಲೇ ಬಿಡಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲ ಆರು ತಿಂಗಳು. ಪುಸ್ತಕಗಳಿಗೆ ಬೂಷ್ಟು, ಬೆಳ್ಳಿಮೀನು, ಗೆದ್ದಲು ಮೂರೂ ಹತ್ತಿವೆ.
— ಶಿರಸಿಯ ಓದುಗರು

ಉತ್ತರ: ಮೂರಕ್ಕೂ ಮದ್ದು ಬೇರೆ. ಬೂಷ್ಟಿಗೆ ಬೇಕಾದ್ದು ತೇವ. ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಅದು ಏಳುತ್ತದೆ. ಕಪಾಟನ್ನು ಗೋಡೆಯಿಂದ ಎರಡು ಇಂಚು ಮುಂದೆ ಎಳೆಯಿರಿ, ಹೊರಗೋಡೆಗೆ ಆನಿಸಲೇಬೇಡಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಎರಡರ ನಡುವೆ ಬೆರಳು ಹೋಗಬೇಕು. ಬೂಷ್ಟು ಹಿಡಿದದ್ದನ್ನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಯ್ದು, ನೆರಳಿನ ಗಾಳಿಯಲ್ಲಿ ಬಿಡಿಸಿಟ್ಟು ಒಣಗಿಸಿ, ಒಣಗಿದ ಮೇಲೆಯೇ ಮೆತ್ತನೆಯ ಕುಂಚದಿಂದ ಝಾಡಿಸಿ. ಹಸಿಯಾಗಿರುವಾಗ ಒರೆಸಿದರೆ ಕಲೆ ಕಾಗದದೊಳಕ್ಕೆ ಇಳಿಯುತ್ತದೆ. ಸುಡುಬಿಸಿಲಿಗೆ ಇಟ್ಟರೆ ಕಾಗದ ಹಳದಿಯಾಗಿ ಬೆನ್ನಿನ ಅಂಟು ಬಿರಿಯುತ್ತದೆ.

ಬೆಳ್ಳಿಮೀನು ತಿನ್ನುವುದು ಅಂಟಿನ ಗಂಜಿ, ಆದ್ದರಿಂದ ಬೈಂಡಿನ ಬಳಿಯೇ ಹಾವಳಿ. ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಎರಡು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಬೂಷ್ಟಿಗೆ ಈ ಉಪಾಯ ನಡೆಯದು, ಅದು ಚಳಿಗೆ ಸಾಯುವುದಿಲ್ಲ, ಮಲಗುತ್ತದೆ. ಬೇವಿನೆಲೆ ಇಡುವುದಾದರೆ ಕೈಯಲ್ಲಿ ಪುಡಿಯಾಗುವಷ್ಟು ಒಣಗಿರಬೇಕು, ಹಸಿ ಎಲೆ ತೇವವನ್ನೇ ಒಳಗೆ ತರುತ್ತದೆ. ಗೆದ್ದಲು ಮಾತ್ರ ಪುಸ್ತಕದ ರೋಗವಲ್ಲ, ಮನೆಯದು. ಕೆಳಗಿನ ಹಲಗೆ ನೆಲದಿಂದ ಆರು ಇಂಚು ಮೇಲಿರಲಿ, ಮಣ್ಣಿನ ಗೆರೆ ಕಂಡರೆ ಮೂಲ ಹುಡುಕಿಸಿ. ಮತ್ತೆ, ಹರಿದ ಪುಟಕ್ಕೆ ಸೆಲ್ಲೊಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಟೇಪು ಬಿಟ್ಟುಹೋಗುತ್ತದೆ, ಅಂಟಿನ ಕಂದು ಕಲೆ ಉಳಿಯುತ್ತದೆ.

ಪ್ರಶ್ನೆ: ಎರವಲು ಕೊಟ್ಟ ಪುಸ್ತಕ ವಾಪಸ್ಸು ಬರುವ ಉಪಾಯ?
— ಉಡುಪಿಯ ಓದುಗರು

ಉತ್ತರ: ಪರಹಸ್ತಗತಂ ಗತಂ, ಬೇರೆಯವರ ಕೈಗೆ ಹೋದದ್ದು ಹೋದಂತೆಯೇ, ಎಂದು ಸುಭಾಷಿತಕಾರರೇ ಕೈಚೆಲ್ಲಿದ್ದಾರೆ. ಆದರೂ ಒಂದು ಪುಟ್ಟ ಪುಸ್ತಕದಲ್ಲಿ ತಾರೀಖು, ಹೆಸರು ಬರೆದು, ಕೊಂಡೊಯ್ಯುವವರ ಕೈಯಲ್ಲೇ ಸಹಿ ಹಾಕಿಸಿ. ನಾಚಿಕೆಗಾದರೂ ಕೆಲವು ಬರುತ್ತವೆ. ಮರುಮುದ್ರಣ ಸಿಗುವಂಥವನ್ನು ಧಾರಾಳವಾಗಿ ಕೊಡಿ. ‘ರಕ್ತರಾತ್ರಿ’ಯೊಂದನ್ನು ಮಾತ್ರ ಬಿಡಿಯಾಗಿ ಕೊಡಬೇಡಿ. ಹಿರಿಯೂರಿನವರು ಓದುವುದಿದ್ದರೆ ಮೂರನ್ನೂ ಒಟ್ಟಿಗೆ ಒಯ್ಯಲಿ.